ಆಯಿ ಅಲುಗಾಡದೆ ಕೂತ ಫೋಟೋ

ಕ್ಯಾಮೆರಾ ಕೊಂಡ ಹೊಸದರಲ್ಲಿ ನಾನು ತೆಗೆದ ಫೋಟೋಗಳಲ್ಲಿ ಹೆಚ್ಚಿನವು ಎದುರು ಮನೆಯ ಆಯಿಯವು. ಅವುಗಳಲ್ಲಿ ಒಂದೂ ನೆಟ್ಟಗೆ ಬಂದಿರಲಿಲ್ಲ. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ. ಅವರು ನಮಗೆ ಸಂಬಂಧಿಕರೇನಲ್ಲ. ಧಾರವಾಡದ ಹಳೆಯ ಓಣಿಯೊಂದರಲ್ಲಿ ಅವರದೂ ನಮ್ಮದೂ ಎದುರುಬದುರು ಬಾಗಿಲು. ನಾನು ಅಂಬೆಗಾಲಿಡುವಾಗ ದಾಟಿದ ಮೊದಲ ಹೊಸ್ತಿಲು ಅವರದೇ ಎಂದು ಅವ್ವ ಹೇಳುತ್ತಾಳೆ.

ಕ್ಯಾಮೆರಾ ಬೇರೆಯವರು ಬಳಸಿ ಬಿಟ್ಟದ್ದು. ಭೌತಶಾಸ್ತ್ರದಲ್ಲಿ ಪದವಿ ಮುಗಿಸಿದ ನನಗೆ ಹುಬ್ಬಳ್ಳಿ ವಿದ್ಯಾನಗರದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸ. ಒಂದು ಸಂಜೆ ಕೆಲಸ ಮುಗಿಸಿ ದುರ್ಗದಬೈಲಿನ ಪೇಟೆಯ ಕ್ಯಾಮೆರಾ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯವರು ಕ್ಯಾಮೆರಾ ನನ್ನ ಕೈಗಿತ್ತು, ಹೊರಗಿನ ಸಂತೆಗದ್ದಲದ ಒಂದು ಫೋಟೋ ತೆಗೆಯಲು ಹೇಳಿದರು. ತೆಗೆದೆ. ಅದನ್ನು ಪರದೆಯ ಮೇಲೆ ನೋಡಿದವರು ಒಳಗಿನಿಂದ ಮೂರು ಕಾಲಿನ ಸ್ಟ್ಯಾಂಡ್ ಒಂದನ್ನು ತಂದು ಮುಂದಿಟ್ಟರು.

"ಅಕ್ಕಾರ, ಇದನ್ನೂ ಒಯ್ರಿ."

"ಯಾಕ್ರಿ?"

"ನಿಮ್ಮ ಫೋಟೋದಾಗ ಇಡೀ ದುರ್ಗದಬೈಲ ನಡಗಾಕತ್ತೈತಿ ನೋಡ್ರಿ."

ಕಾಲೇಜಿನಲ್ಲಿ ಬೆಳಕಿನ ಬಗ್ಗೆ ಪುಟಗಟ್ಟಲೆ ಬರೆದು ಪಾಸಾದವಳು ನಾನು. ಆದರೂ ಕ್ಯಾಮೆರಾ ಹಿಡಿದ ಮೇಲೆ ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಯಿತು. ಮೊದಲು ಕಲಿತದ್ದು ಇಷ್ಟು: ಬೆಳಕು ಕಡಿಮೆಯಾದಷ್ಟೂ ಕ್ಯಾಮೆರಾ ತನ್ನ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಆ ಹೊತ್ತಿನಲ್ಲಿ ಅಲುಗಿದ್ದು ಮಸುಕಾಗಿ ಬರುತ್ತದೆ, ಅಲುಗದ್ದು ಸ್ಪಷ್ಟವಾಗಿ ಬರುತ್ತದೆ. ಸ್ಟ್ಯಾಂಡ್ ಇದ್ದರೆ ನನ್ನ ಕೈ ನಡುಗುವ ಚಿಂತೆಯಿಲ್ಲ. ಎದುರಿಗೆ ಕೂತವರು ಅಲುಗಾಡದಿದ್ದರೆ ಸಾಕು.

ಆಯಿಗೆ ಅದೊಂದು ಬರುತ್ತಿರಲಿಲ್ಲ. ಅವರ ಪಡಸಾಲೆಗೆ ಇರುವುದು ಒಂದೇ ಕಿಟಕಿ. ಅದರ ಬುಡದಲ್ಲಿ ಮರ, ಅಂದರೆ ಮೊರ, ಹಿಡಿದು ಜೋಳ ಹಸನು ಮಾಡುತ್ತ ಕೂಡುತ್ತಿದ್ದರು. ಒಂದು ಕಡೆಯಿಂದ ಬೆಳಕು, ಇನ್ನೊಂದು ಕಡೆ ಕತ್ತಲು, ನಡುವೆ ಸುಕ್ಕುಗಟ್ಟಿದ ಆ ಮುಖ. ಕಲಿಯುವವಳಿಗೆ ಇನ್ನೇನು ಬೇಕು?

"ಆಯೀ, ಮುಖ ಒಂದೀಟ ಕಿಟಕಿ ಕಡೆ ಮಾಡ್ರಿ. ಹಾಂ, ಅಲುಗ್ಯಾಡಬ್ಯಾಡ್ರಿ."

"ಇಲ್ಲ ತೊಗೊ, ಕಲ್ಲಿನಂಗ ಕೂತೇನಿ," ಎನ್ನುತ್ತಲೇ ಅವರ ಕೈ ಮರದೊಳಗಿನ ಹರಳಿಗೆ ಹೋಗುತ್ತಿತ್ತು. ಇಲ್ಲವೇ ಸೆರಗಿಗೆ, ಇಲ್ಲವೇ ಕೊರಳಲ್ಲಿನ ಲಿಂಗದ ಕರಡಿಗೆಗೆ. ಪರದೆಯ ಮೇಲೆ ನೋಡಿದರೆ ಗೋಡೆ ಸ್ಪಷ್ಟ, ಕಿಟಕಿ ಸ್ಪಷ್ಟ, ನಡುವೆ ಹೊಗೆಯಂಥ ಒಬ್ಬ ಮುದುಕಿ. ತೋರಿಸಿದರೆ ಬೊಚ್ಚು ಬಾಯಿ ತೆರೆದು ನಗುತ್ತಿದ್ದರು.

"ಇದೇನ ದೆವ್ವ ತಗದೀಯೋ ನನ್ನ ತಗದೀಯೋ?"

ಒಮ್ಮೆ ಹಾಗೆ ನಕ್ಕು, "ನಾ ಸತ್ತ ದಿನಾ ಕೂಡಸ್ತಾರಲ್ಲ, ಅವತ್ತ ಬಾ. ಖರೇನ ಕಲ್ಲಿನಂಗ ಕೂತಿರ್ತೀನಿ. ಅವತ್ತರ ನಿನ್ನ ಫೋಟೋ ನೆಟ್ಟಗ ಬರ್ತೈತಿ," ಎಂದರು.

ಒಳಗಿನಿಂದ ಅವರ ಸೊಸೆ, ನಾನು ಕಾಕು ಎಂದು ಕರೆಯುವವರು, ಲಟ್ಟಣಿಗೆ ಕುಕ್ಕಿ ಗದರಿದರು. "ದೀಪಾ ಹಚ್ಚೂ ಹೊತ್ತಿನ್ಯಾಗ ಎಂಥಾ ಮಾತ್ರೀ ಅತ್ತೀ!"

ಆಯಿ ಹೇಳಿದ್ದು ನಮ್ಮಲ್ಲಿ ನಡೆದುಬಂದ ಪದ್ಧತಿಯನ್ನೇ. ಸತ್ತವರನ್ನು ನಾವು ಮಲಗಿಸುವುದಿಲ್ಲ. ಮೀಸಿ, ವಿಭೂತಿ ಹಚ್ಚಿ, ಕಾಲು ಮಡಿಸಿ, ಗೋಡೆಗೆ ಒರಗಿಸಿ ಕೂಡಿಸುತ್ತೇವೆ. ಕುಣಿ ತೋಡಿ ಮಣ್ಣು ಮಾಡುವುದೂ ಕೂತ ಹಾಗೆಯೇ. ಅದಕ್ಕೆ ಮುಂಚೆ ಹಾರ ಹಾಕಿ, ಮನೆಯವರೆಲ್ಲ ಅಕ್ಕಪಕ್ಕ ಕೂತು ಒಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಎಷ್ಟೋ ಮನೆಗಳ ಗೋಡೆಯ ಮೇಲೆ ಹಿರಿಯರದೆಂದು ಇರುವ ಫೋಟೋ ಅದೊಂದೇ. ಚಿಕ್ಕವಳಿದ್ದಾಗ ನಾನು ಅವರೆಲ್ಲ ಕಣ್ಣು ಮುಚ್ಚಿ ಪೂಜೆಗೆ ಕೂತಿದ್ದಾರೆಂದುಕೊಂಡಿದ್ದೆ.

ಆ ಚಳಿಗಾಲದ ಒಂದು ಬೆಳಿಗ್ಗೆ ಕಾಕುವಿನ ಕೂಗು ಓಣಿಯುದ್ದಕ್ಕೂ ಕೇಳಿಸಿತು. ಚಹಾ ತೆಗೆದುಕೊಂಡು ಎಬ್ಬಿಸಲು ಹೋದರೆ ಆಯಿ ಎದ್ದಿರಲಿಲ್ಲ. ಮೈ ತಣ್ಣಗಾಗಿತ್ತು. ಆಯಿಯ ಮಗ, ಅರಳೆ ವ್ಯಾಪಾರದ ಕಾಕಾ, ಬರಿಗಾಲಲ್ಲೇ ಓಡಿಹೋಗಿ ಹತ್ತಿರದ ವಯಸ್ಸಾದ ಡಾಕ್ಟರೊಬ್ಬರನ್ನು ಕರೆತಂದರು. ಅವರು ಮಣಿಕಟ್ಟು ಹಿಡಿದರು, ಎದೆಗೆ ಸ್ಟೆತೊಸ್ಕೋಪ್ ಇಟ್ಟರು, ರೆಪ್ಪೆ ಎತ್ತಿ ನೋಡಿದರು. "ನಿದ್ದ್ಯಾಗನ ಹೋಗ್ಯಾರ್ರಿ. ಪುಣ್ಯಾ ಮಾಡಿದ್ರು," ಎಂದು ಹೇಳಿ ಕಾಕಾನ ಭುಜ ತಟ್ಟಿ ಹೋದರು.

ಆಯಿಯನ್ನು ಮೀಸಲು ಹೋದ ಹೆಂಗಸರಲ್ಲಿ ಅವ್ವನೂ ಇದ್ದಳು. ಸೀರೆ ಬದಲಿಸಲು ಮನೆಗೆ ಬಂದವಳು ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡಳು.

"ಕಾಲ ಮಡಚಾಕ ಒಂದೀಟೂ ತ್ರಾಸ ಆಗಲಿಲ್ಲವಾ. ಹೂವಿನಂಗ ಮಡಚಿದುವು. ಶರಣರ ಸಾವು ಅಂದ್ರ ಇದು ನೋಡ."

ಸೆಟೆದ ಕಾಲನ್ನು ಮಡಿಸಲು ಬಿಸಿನೀರು ಹಾಕಿ ತಿಕ್ಕುವುದನ್ನು, ಇಬ್ಬರು ಮೂವರು ಸೇರಿ ಒತ್ತುವುದನ್ನು ನಾನು ಬೇರೆ ಮನೆಗಳಲ್ಲಿ ಕಂಡಿದ್ದೇನೆ. ಕಾಲು ತಾನಾಗಿ ಮಡಿಸಿಕೊಂಡರೆ ಅದು ಸತ್ತವರ ಪುಣ್ಯ ಎಂಬುದು ನಮ್ಮವರ ನಂಬಿಕೆ. ಅಂದು ಮುಂಜಾನೆಯಿಡೀ ಆ ಮಾತು ಬಾಯಿಂದ ಬಾಯಿಗೆ ದಾಟಿತು. ಮೈ ಹೇಗೆ ಮೆತ್ತಗಿತ್ತು, ಕೊರಳು ಹೇಗೆ ಬೇಕಾದ ಕಡೆ ತಿರುಗಿತು, ಬೆರಳು ಒಂದೊಂದಾಗಿ ಹೇಗೆ ಬಿಚ್ಚಿಕೊಂಡವು ಎಂದು. ಹೇಳಿದವರೂ ಕೈ ಮುಗಿದರು, ಕೇಳಿದವರೂ ಮುಗಿದರು. ಕೇಳಿದವರಲ್ಲಿ ನಾನೂ ಇದ್ದೆ.

ಸ್ವಲ್ಪ ಹೊತ್ತಿನಲ್ಲಿ ಕಾಕಾ ನಮ್ಮ ಹೊಸ್ತಿಲಿಗೆ ಬಂದರು. "ತಂಗೀ, ನಿನ್ನ ಕ್ಯಾಮೆರಾ ತೊಗೊಂಡ ಬಾರವಾ. ಸ್ಟುಡಿಯೋದಾಂವ ಪರ ಊರಿಗೆ ಮದಿವಿಗೆ ಹೋಗ್ಯಾನಂತ. ಆಕಿನೂ ನಿನಗ ಹೇಳಿದ್ಲಲ್ಲ..." ಎಂದು ತಮ್ಮ ಮನೆಯ ಕಡೆ ಹೊರಳಿದರು.

ಪಡಸಾಲೆಯ ಆ ಕಿಟಕಿಯ ಪಕ್ಕದಲ್ಲೇ ಆಯಿಯನ್ನು ಕೂಡಿಸಿದ್ದರು. ಹಸಿರು ಇಳಕಲ್ ಸೀರೆ. ಹಣೆಯ ತುಂಬ ವಿಭೂತಿ. ಕಂಕುಳ ಕೆಳಗೆ ಹಾಯಿಸಿದ ಬಿಳಿ ಬಟ್ಟೆಯನ್ನು ಹಿಂದಿನ ಗೂಟಕ್ಕೆ ಕಟ್ಟಿದ್ದರು. ಎದೆಯ ಮೇಲೆ ಸೇವಂತಿಗೆ, ಸುಗಂಧರಾಜದ ಹಾರ. ತಲೆಯ ಮೇಲುಗಡೆ ಗೋಡೆಯಲ್ಲಿ ಅವರ ಗಂಡನ ಹಳೆಯ ಫೋಟೋ, ಅವರೂ ಹೀಗೆಯೇ ಕೂತದ್ದು. ಅದಕ್ಕೂ ಅದೇ ಹೂವಿನ ಇನ್ನೊಂದು ಹಾರ ಹಾಕಿದ್ದರು. ದೀಪ ಆರೀತೆಂದು ಫ್ಯಾನ್ ನಿಲ್ಲಿಸಿದ್ದರು. ಅಂಗಳದಲ್ಲಿ ಓಣಿಯ ಹಿರಿಯರು ತಾಳ ಹಿಡಿದು ಭಜನೆಗೆ ಕೂತಿದ್ದರು.

ಕಾಕು ಒಂದು ತಾಟು ಹಿಡಿದು ಪಕ್ಕದಲ್ಲಿ ನಿಂತಿದ್ದರು. ತಾಟಿನಲ್ಲಿ ಅರಳೆ ಇತ್ತು, ಸಣ್ಣ ಸಣ್ಣ ಉಂಡೆ ಮಾಡಿ ಇಟ್ಟದ್ದು.

"ಮೂಗಿಗೆ ಇದನ್ನ ಇಡಬೇಕವಾ. ಇಟ್ರ ಫೋಟೋದಾಗ ಮುಖ ಛಂದ ಕಾಣೂದಿಲ್ಲ. ನೀ ಮೊದಲ ತಗದಬಿಡು, ಆಮ್ಯಾಲ ಇಡ್ತೇನಿ. ಫ್ಲ್ಯಾಶ್ ಮಾತ್ರ ಹೊಡೀಬ್ಯಾಡ, ಬಿಳಿಚಿಕೊಂಡಂಗ ಬರ್ತೈತಿ."

ಸ್ಟ್ಯಾಂಡ್ ನಿಲ್ಲಿಸಿದೆ. ಕಣ್ಣು ಕ್ಯಾಮೆರಾಕ್ಕೆ ಹಚ್ಚಿದ ಮೇಲೆ ರೂಢಿಯಂತೆ ನನ್ನ ಬಾಯಿಂದ ಮಾತು ಬಂತು. "ಮುಖ ಒಂದೀಟ ಕಿಟಕಿ ಕಡೆ ಮಾಡ್ರಿ." ಪಕ್ಕದಲ್ಲಿದ್ದ ಹೆಂಗಸೊಬ್ಬರು ಆಯಿಯ ಗದ್ದ ಹಿಡಿದು ತಿರುಗಿಸಿದರು. ಕೊರಳು ಮೆಲ್ಲಗೆ ತಿರುಗಿತು. ಆಕೆ ಕೈ ಮುಗಿದರು.

ಮೊದಲು ಮನೆಯವರೆಲ್ಲ ಕೂತರು. ಗುಂಡಿ ಒತ್ತಿದೆ. ಟಕ್ ಎಂದು ಕ್ಯಾಮೆರಾ ಕಣ್ಣು ತೆರೆಯಿತು. ಮುಚ್ಚಲಿಲ್ಲ. ಕೆಟ್ಟಿತೇನೋ ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ಟಕ್. ಹಿಂದಿನ ಸಂಜೆ ಕೆಲಗೇರಿ ಕೆರೆಯ ದಂಡೆಯಲ್ಲಿ ಬಿಸಿಲಿನ ಫೋಟೋ ತೆಗೆದಿದ್ದೆ. ಕ್ಯಾಮೆರಾ ಬೆಳಕಿಗೆ ಎಷ್ಟು ಚುರುಕಾಗಿರಬೇಕು ಎಂದು ಹೇಳುವ ಅಂಕಿಯನ್ನು ತೀರ ಕೆಳಗೆ ಇಟ್ಟವಳು ಅದನ್ನು ಮತ್ತೆ ಮೇಲೇರಿಸಿರಲಿಲ್ಲ. ಹೊಸಬರೆಲ್ಲ ಮಾಡುವ ತಪ್ಪು ಅದು. ಅದು ಗೊತ್ತಾದದ್ದು ಆಮೇಲೆ. ಆ ಕತ್ತಲು ಕೋಣೆಯಲ್ಲಿ ಕ್ಯಾಮೆರಾ ಒಂದೊಂದು ಫೋಟೋಕ್ಕೂ ಬಹಳ ಹೊತ್ತು ಕಣ್ಣು ತೆರೆದುಕೊಂಡು ನೋಡುತ್ತಿತ್ತು.

ಪರದೆಯ ಮೇಲೆ ನೋಡಿದೆ. ಅಳುತ್ತಿದ್ದ ಕಾಕಾ ಮಸುಕು, ಮೊಮ್ಮಕ್ಕಳು ಮಸುಕು. ಅವರ ನಡುವೆ ಆಯಿಯ ಮುಖ ಮೊದಲ ಸಲ ಸ್ಪಷ್ಟವಾಗಿ ಕಂಡಿತು. ಒಂದೊಂದು ಸುಕ್ಕೂ ಇತ್ತು. ಅವರಂದ ಮಾತು ನೆನಪಾಯಿತು.

"ಎಲ್ಲಾರೂ ಒಂದೀಟ ಸರೀರಿ, ಒಬ್ಬರದೇ ಒಂದು ತಗೀತೇನಿ," ಎಂದೆ. ಟಕ್. ಮತ್ತೆ ಆ ಬಿಡುವು. ಟಕ್.

ಈ ಸಲ ದೊಡ್ಡದು ಮಾಡಿ ನೋಡಿದೆ. ವಿಭೂತಿಯ ಪಟ್ಟೆ ಸ್ಪಷ್ಟ. ತೊಡೆಯ ಮೇಲಿನ ಬೆರಳುಗಳು, ಉಗುರು, ಸೀರೆಯ ಅಂಚಿನ ಎಳೆ ಎಳೆ ಸ್ಪಷ್ಟ. ಗೋಡೆಯ ಮೇಲಿನ ಹಾರದ ಎಸಳುಗಳನ್ನು ಎಣಿಸಬಹುದಿತ್ತು. ಎದೆಯ ಮೇಲಿನ ಹಾರಕ್ಕೆ ಎಸಳಿರಲಿಲ್ಲ. ಬಿಳಿ, ಹಳದಿ ಸೇರಿ ಉಗಿಯ ಹಾಗೆ ಕಂಡವು.

ಫ್ಯಾನ್ ನೋಡಿದೆ, ನಿಂತಿತ್ತು. ಗಾಳಿಯೇ ಎಂದು ದೀಪ ನೋಡಿದೆ, ಕುಡಿ ನೆಟ್ಟಗಿತ್ತು. ಸ್ಟ್ಯಾಂಡ್ ಅಲುಗಿದ್ದರೆ ಗೋಡೆಯೂ ಮಸುಕಾಗಬೇಕಿತ್ತು. ಇನ್ನೊಂದು ತೆಗೆದೆ. ಅದೇ. ಎರಡನ್ನೂ ಹಿಂದೆ ಮುಂದೆ ಮಾಡಿ ನೋಡಿದೆ. ಕೈಬೆರಳು ಇದ್ದಲ್ಲೇ ಇದ್ದವು. ಹಾರ ಮಾತ್ರ ಒಂದರಿಂದ ಇನ್ನೊಂದಕ್ಕೆ ಕೂದಲೆಳೆಯಷ್ಟು ಏರಿ ಇಳಿಯುತ್ತಿತ್ತು.

ಕ್ಯಾಮೆರಾದ ಮೇಲಿನಿಂದ ಆಯಿಯನ್ನು ಬರಿಗಣ್ಣಲ್ಲಿ ನೋಡಿದೆ. ಏನೂ ಅಲುಗುತ್ತಿರಲಿಲ್ಲ. ಮತ್ತೆ ಪರದೆ ನೋಡಿದೆ. ಅಲುಗಿತ್ತು.

"ಆತೇನವಾ?" ಎಂದರು ಕಾಕು. ತಾಟಿನಿಂದ ಒಂದು ಉಂಡೆ ಅವರ ಕೈಗೆ ಬಂದಿತ್ತು.

"ಇನ್ನೊಂದು ತಡೀರಿ ಕಾಕು."

ಅವ್ವನ ಸೆರಗು ಜಗ್ಗಿದೆ. ಪಿಸುಗುಟ್ಟಿದೆ. "ಅವ್ವಾ, ಹಾರ ಅಲುಗ್ಯಾಡಾಕತ್ತೈತಿ."

"ಏನಂದಿ?"

"ಎದಿ ಮ್ಯಾಲಿನ ಹಾರ. ಆಯಿ ಉಸರ ಆಡಾಕತ್ತಾರ."

ಅವ್ವ ನನ್ನ ತೋಳು ಚಿವುಟಿದಳು. "ಹುಚ್ಚ ಹಿಡದೈತೇನ ನಿನಗ? ಸತ್ತ ಮನ್ಯಾಗ ಏನ ಮಾತಾಡ್ತಿ? ನಾನ ಮೀಸಿ ಬಂದೇನಿ ಆಕಿನ್ನ."

ಕಾಕಾ ಕೇಳಿಸಿಕೊಂಡಿದ್ದರು. ಬಂದು ಪರದೆ ನೋಡಿದರು. ಕೆಂಪಾದ ಕಣ್ಣಿಗೆ ಏನು ಕಂಡಿತೋ. ಬೇಸರದಿಂದ, ಮೆಲುದನಿಯಲ್ಲಿ, "ತಂಗೀ, ನಿನ್ನ ಫೋಟೋ ಯಾವಾಗರ ನೆಟ್ಟಗ ಬಂದಾವೇನವಾ? ಬಿಡು. ಕುಣಿ ತಯಾರಾಗೇತಂತ, ಗಾಡೀನೂ ಬಂದೈತಿ," ಎಂದರು.

ಅವರು ಹೇಳಿದ್ದು ಸುಳ್ಳಲ್ಲ. ನನಗೆ ನನ್ನ ಮೇಲೆಯೇ ನಂಬಿಕೆ ಸಾಲದು. ಡಾಕ್ಟರು ನೋಡಿಹೋಗಿದ್ದಾರೆ. ಇಷ್ಟು ಜನ ಮುಟ್ಟಿ, ತೊಳೆದು, ಉಡಿಸಿದ್ದಾರೆ. ನಾನು ಹೇಳಿದ್ದು ಸುಳ್ಳಾದರೆ ತಾಯಿಯನ್ನು ಕಳೆದುಕೊಂಡವರಿಗೆ ಆಕೆಯನ್ನು ಇನ್ನೊಮ್ಮೆ ಕೊಂದು ತೋರಿಸಿದ ಹಾಗೆ. ಕಾಕು ಆಯಿಯ ಮುಖದ ಕಡೆ ಬಗ್ಗಿದ್ದು ಕಂಡಿತು.

ನಾನು ಕ್ಯಾಮೆರಾವನ್ನು ಸ್ಟ್ಯಾಂಡಿನಿಂದ ಬಿಚ್ಚಿದೆ. ಅದರ ಮುಂಗಾಜನ್ನು ಸೆರಗಿನಿಂದ ಒರೆಸಿದೆ. ಕಾಕುವಿನ ಕೈ ಸರಿಸಿ, ಆ ಗಾಜನ್ನು ಆಯಿಯ ಮೂಗಿನ ಕೆಳಗೆ ಹಿಡಿದೆ. ಯಾರೋ "ಏ, ಏನ ಮಾಡ್ತಿ!" ಎಂದು ನನ್ನ ರಟ್ಟೆಗೆ ಕೈ ಹಾಕಿದರು. ನಾನು ಬಿಡಲಿಲ್ಲ. ಹಿಡಿದೇ ಇದ್ದೆ. ಎಷ್ಟು ಹೊತ್ತೆಂದು ಈಗಲೂ ಹೇಳಲಾರೆ. ಅಂಗಳದ ಭಜನೆಯ ಒಂದು ಸಾಲು ಮುಗಿದು ಇನ್ನೊಂದು ಶುರುವಾದದ್ದು ನೆನಪಿದೆ.

ಗಾಜನ್ನು ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಅದರ ನಡುವೆ ಮಂಜು ಕೂತಿತ್ತು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು. ಕಾಕಾ ನೋಡಿದರು. ನಾವಿಬ್ಬರೂ ನೋಡುತ್ತಿದ್ದ ಹಾಗೆಯೇ ಅದು ಅಂಚಿನಿಂದ ಕರಗುತ್ತ ಬಂದು ಇಲ್ಲವಾಯಿತು.

ಕಾಕಾ ನನ್ನ ಕೈಯಿಂದ ಕ್ಯಾಮೆರಾ ಕಸಿದುಕೊಂಡು ತಾವೇ ಇನ್ನೊಮ್ಮೆ ಹಿಡಿದರು. ಮತ್ತೆ ಮಂಜು ಕೂತಿತು. ಅವರ ಬಾಯಿಂದ "ಯವ್ವಾ" ಎಂಬ ಒಂದೇ ಮಾತು ಹೊರಟಿತು. ಕಾಕುವಿನ ಕೈಯ ತಾಟು ಕೆಳಗೆ ಬಿದ್ದು ಗಿರ್ರನೆ ತಿರುಗಿತು. ಆ ಸದ್ದು ಈಗಲೂ ನನ್ನನ್ನು ನಿದ್ದೆಯಿಂದ ಎಬ್ಬಿಸುತ್ತದೆ.

ಆಮೇಲಿನದು ಚೂರುಚೂರಾಗಿ ನೆನಪಿದೆ. ಬಿಳಿ ಬಟ್ಟೆಯ ಗಂಟು ಬಿಚ್ಚಲಾರದೆ ಯಾರೋ ಈಳಿಗೆಯಿಂದ ಕೊಯ್ದರು. ಅವ್ವ ಆಯಿಯ ಅಂಗಾಲು ತಿಕ್ಕುತ್ತ ಏನೇನೋ ಬಡಬಡಿಸುತ್ತಿದ್ದಳು. ಬೇರೆ ಗಾಡಿ ಹುಡುಕಲು ಪುರಸೊತ್ತಿರಲಿಲ್ಲ. ಮಣ್ಣಿಗೆಂದು ಬಂದು ನಿಂತಿದ್ದ, ಬಾಳೆಕಂಬ, ಹೂವು ಕಟ್ಟಿದ್ದ ಟೆಂಪೋದಲ್ಲೇ ಹಾಕಿಕೊಂಡು ಸತ್ತೂರಿನ ಆಸ್ಪತ್ರೆಗೆ ಹೊರಟರು. ದಾರಿಯುದ್ದಕ್ಕೂ ಜನ ಬದಿಗೆ ಸರಿದು ಕೈ ಮುಗಿಯುತ್ತಿದ್ದರಂತೆ. ಮನೆಯ ಅಂಗಳದಲ್ಲಿ ಭಜನೆ ಇನ್ನೂ ನಡೆದಿತ್ತು. ಕಣ್ಣು ಮುಚ್ಚಿ ಹಾಡುತ್ತಿದ್ದ ಆ ಹಿರಿಯರಿಗೆ ನಿಲ್ಲಿಸಿ ಎಂದು ಹೇಳಲು ಯಾರಿಗೂ ನೆನಪಾಗಿರಲಿಲ್ಲ.

ಆಯಿ ಬದುಕಿದರು. ರಕ್ತದಲ್ಲಿನ ಸಕ್ಕರೆ ಪೂರ್ತಿ ಇಳಿದುಹೋಗಿತ್ತಂತೆ. ಅದರ ಮೇಲೆ ಚಳಿ. ಮೈ ತಣ್ಣಗಾಗಿ, ನಾಡಿ ಕೈಗೆ ಸಿಗದಷ್ಟು, ಎದೆಬಡಿತ ಕಿವಿಗೆ ಕೇಳದಷ್ಟು ನಿಧಾನವಾಗಿ, ಉಸಿರು ಕಣ್ಣಿಗೆ ಕಾಣದಷ್ಟು ತೆಳುವಾಗಿತ್ತು ಎಂದು ಅಲ್ಲಿನವರು ಹೇಳಿದರು. ಓಣಿಯವರು ನನ್ನನ್ನು ಹೊಗಳಿದರು. ಸಿಹಿ ತಂದುಕೊಟ್ಟರು. ನಾನು ಆ ಸಿಹಿ ತಿನ್ನಲಿಲ್ಲ.

ಏಕೆಂದರೆ ನನಗೆ ಗೊತ್ತು. ಆ ಅಂಕಿಯನ್ನು ನಾನು ಸರಿಮಾಡಿಕೊಂಡು ಹೋಗಿದ್ದರೆ ಕ್ಯಾಮೆರಾ ಕಣ್ಣು ಮಿಟುಕಿಸಿದಷ್ಟರಲ್ಲಿ ಕೆಲಸ ಮುಗಿಸುತ್ತಿತ್ತು. ಹಾರದ ಎಸಳು ಎಸಳು ಕಾಣುತ್ತಿತ್ತು. ಸ್ಟುಡಿಯೋದವನು ಮದುವೆಗೆ ಹೋಗದಿದ್ದರೆ ಫ್ಲ್ಯಾಶ್ ಹೊಡೆದು ಛಲೋ ಫೋಟೋ ತೆಗೆದುಕೊಡುತ್ತಿದ್ದ. ಎಲ್ಲರೂ ಛಂದ ಬಂದೈತಿ ಎನ್ನುತ್ತಿದ್ದರು. ಕಾಕು ತಾಟಿನಿಂದ ಅರಳೆ ಎತ್ತಿಕೊಳ್ಳುತ್ತಿದ್ದರು. ಆಮೇಲೆ ಟೆಂಪೋ, ಆಮೇಲೆ ಕುಣಿ, ಕುಣಿಯೊಳಗೆ ಕೂಡಿಸುವುದು, ವಿಭೂತಿ, ಮಣ್ಣು. ನನ್ನ ಯೋಚನೆ ಪ್ರತಿಸಲ ಮಣ್ಣಿನವರೆಗೆ ಹೋಗಿ ನಿಲ್ಲುತ್ತದೆ. ಮತ್ತೆ ಮೊದಲಿನಿಂದ, ಟಕ್ ಎಂಬ ಸದ್ದಿನಿಂದ, ಶುರುವಾಗುತ್ತದೆ.

ಒಂದು ವಿಚಿತ್ರ ಚಾಳಿ ಅಂಟಿದೆ. ಯಾರದೋ ಮನೆಗೆ ಹೋದಾಗ ಗೋಡೆಯ ಮೇಲೆ ಹಾಗೆ ಕೂತ ಹಿರಿಯರ ಫೋಟೋ ಕಂಡರೆ ಹತ್ತಿರ ಹೋಗಿ ಎದೆಯ ಮೇಲಿನ ಹಾರ ನೋಡುತ್ತೇನೆ. ಮನೆಯವರು ಭಕ್ತಿ ಎಂದುಕೊಳ್ಳುತ್ತಾರೆ. ನವಲಗುಂದ ಕಡೆಯ ನೆಂಟರ ಮನೆಯೊಂದರಲ್ಲಿ ತೀರ ಹಳೆಯ ಕಪ್ಪುಬಿಳುಪು ಫೋಟೋ ಒಂದಿತ್ತು. ಹಾರ ಮಸುಕಾಗಿತ್ತು. ಮುಖ, ಗೋಡೆ ಎಲ್ಲ ಮಸುಕೇ, ಹಳೆಯದಲ್ಲವೇ ಎಂದು ನನಗೆ ನಾನೇ ಹೇಳಿಕೊಂಡು, ಕೊಟ್ಟ ಚಹಾ ಕುಡಿದು ಬಂದೆ. ಆ ಮನೆಗೆ ಮತ್ತೆ ಹೋಗಿಲ್ಲ.

ಬೇಸಿಗೆಯ ಹೊತ್ತಿಗೆ ಆಯಿ ಮತ್ತೆ ಕಿಟಕಿಯ ಬುಡಕ್ಕೆ ಬಂದು ಕೂಡತೊಡಗಿದರು. ಮುಂದೆ ಮರ, ಮರದಲ್ಲಿ ಜೋಳ. ಆದರೆ ಮೊದಲಿನ ಚಡಪಡಿಕೆ ಇರಲಿಲ್ಲ. ನಾನು ಕ್ಯಾಮೆರಾ ಮುಟ್ಟುವುದನ್ನೇ ಬಿಟ್ಟಿದ್ದೆ. ಒಂದು ದಿನ ಅವರೇ ಕರೆದರು.

"ಬಾರವಾ, ಒಂದು ಫೋಟೋ ತಗೀ. ಈಗ ಕೂಡೂದ ಕಲ್ತೇನಿ."

"ಯಾವಾಗ ಕಲ್ತ್ರಿ ಆಯೀ?"

"ಅವತ್ತಽ ಕಲ್ತೆ." ಅವರು ಕಿಟಕಿಯಾಚೆ ನೋಡುತ್ತಿದ್ದರು. "ಮುಖ ಕಿಟಕಿ ಕಡೆ ಮಾಡ್ರಿ ಅಂದಿ ನೋಡು. ನನಗಽ ಅಂದಿ ಅಂತ ತಿಳಕೊಂಡೆ. ಮಾಡಬೇಕಂದೆ. ಕೊರಳ ಹೊಳ್ಳಲಿಲ್ಲ. ಆಮ್ಯಾಲ ಯಾರೋ ಗದ್ದ ಹಿಡದ ಹೊಳ್ಳಿಸಿದ್ರು."

"ನಿಮಗ ಎಲ್ಲಾ ಕೇಳತಿತ್ತ?"

"ಎಲ್ಲಾ ಎಲ್ಲಿದು. ಬಾವ್ಯಾಗ ಕೂತವರಿಗೆ ಮ್ಯಾಲಿನವರ ಮಾತು ಕೇಳಿದಂಗ. ಕುಣಿ ತಯಾರಾಗೇತಿ ಅಂದಿದ್ದು ಕೇಳ್ತು. ಆಮ್ಯಾಲ ಮೂಗಿಗೆ ತಣ್ಣಗ ಏನೋ ಹತ್ತಿತು. ಇದು ಮಣ್ಣಽ ಇರಬೇಕು ಅಂತ ಮಾಡಿದ್ದೆ." ಅಷ್ಟು ಹೇಳಿ ನನ್ನ ಕಡೆ ತಿರುಗಿದರು. "ಇರಲಿ. ನೀ ತಗೀ."

ಮನೆಗೆ ಹೋಗಿ ಕ್ಯಾಮೆರಾ ತಂದೆ. ಅದೇ ಜಾಗದಲ್ಲಿ ಸ್ಟ್ಯಾಂಡ್ ನಿಲ್ಲಿಸಿದೆ. ಅಂಕಿಯನ್ನು ಬೇಕೆಂದೇ ಕೆಳಗಿಟ್ಟೆ. ಆಯಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಮುಖವನ್ನು ತಾವಾಗಿಯೇ ಕಿಟಕಿಯ ಕಡೆ ಮಾಡಿದರು. ಟಕ್. ಬಿಡುವು. ಟಕ್.

ನಾನು ತೆಗೆದ ಅವರ ಫೋಟೋಗಳಲ್ಲಿ ಅಷ್ಟು ಸ್ಪಷ್ಟವಾದದ್ದು ಇನ್ನೊಂದಿಲ್ಲ. ಮರದಲ್ಲಿನ ಒಂದೊಂದು ಜೋಳದ ಕಾಳು ಕಾಣುತ್ತಿತ್ತು. ದೊಡ್ಡದು ಮಾಡಿ ಎದೆಯ ಮೇಲಿನ ಸೆರಗು ನೋಡಿದೆ. ಅದರ ಎಳೆಗಳೂ ಕಾಣುತ್ತಿದ್ದವು.

"ಆಯೀ," ಎಂದೆ.

ಅವರ ಮುಖ ಕಿಟಕಿಯ ಕಡೆಯೇ ಇತ್ತು.

"ಆಯೀ, ಒಂದೀಟ ಅಲುಗ್ಯಾಡ್ರಿ."

ಅವರ ಕಣ್ಣು ಮೊದಲು ತಿರುಗಿತು, ಆಮೇಲೆ ಮುಖ. "ಉಸರ ಹಿಡಕೊಂಡಿದ್ನೆವಾ! ಅಲುಗ್ಯಾಡಬ್ಯಾಡ ಅನ್ನಾಕೀನೂ ನೀನಽ, ಅಲುಗ್ಯಾಡು ಅನ್ನಾಕೀನೂ ನೀನಽ," ಎಂದು ಬೊಚ್ಚು ಬಾಯಲ್ಲಿ ನಕ್ಕರು. ಕೈ ಮರದೊಳಗಿನ ಹರಳಿಗೆ ಹೋಯಿತು. ಆ ಕೈ ಹೋಗುತ್ತಿರುವಾಗಲೇ ನಾನು ಇನ್ನೊಂದು ಸಲ ಗುಂಡಿ ಒತ್ತಿದೆ.

ಒಂದು ವಾರದ ಮೇಲೆ ಕಾಕಾ ಫೋಟೋ ಕೇಳಿದರು. ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಕೊಟ್ಟೆ. ಗೋಡೆ ಸ್ಪಷ್ಟ, ಕಿಟಕಿ ಸ್ಪಷ್ಟ, ನಡುವೆ ಹೊಗೆಯಂಥ ಒಬ್ಬ ಮುದುಕಿ ನಗುತ್ತಿದ್ದಳು.

ಕಾಕಾ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ನೆಟ್ಟಗ ಬಂದಿದ್ದು ಒಂದೂ ಇಲ್ಲೇನ ತಂಗೀ?"

"ಇಲ್ರೀ ಕಾಕಾ," ಎಂದೆ.